ಸುಣ್ಣಕಲ್ಲಿಗೆ ಹಸಿರು ಬಣ್ಣ ಹಚ್ಚಬೇಡಿ

‘ಹಸಿರು ಸಿಮೆಂಟ್’ ಎಂಬ ಮಾತನ್ನು ಮೊದಲು ಜಾಹೀರಾತಿನಿಂದ ಅಳಿಸಬೇಕು. ಕಾರ್ಖಾನೆಯ ಚಾವಣಿಗೆ ಸೌರಫಲಕ ಹೊದಿಸಿ, ಕಾಂಪೌಂಡಿನುದ್ದಕ್ಕೂ ಬೇವಿನ ಸಸಿ ನೆಟ್ಟು, ಆ ಚಿತ್ರವನ್ನು ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸಿದರೆ ಸಿಮೆಂಟ್ ಹಸಿರಾಗುವುದಿಲ್ಲ.

ಕಾರಣ ಪ್ರೌಢಶಾಲೆಯ ರಸಾಯನಶಾಸ್ತ್ರದಲ್ಲೇ ಇದೆ. ಶುದ್ಧ ಸುಣ್ಣಕಲ್ಲು 100 ಕಿಲೊ ಸುಟ್ಟರೆ ಉಳಿಯುವುದು 56 ಕಿಲೊ ಸುಣ್ಣ. ಮಿಕ್ಕ 44 ಕಿಲೊ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿ ಸೇರುತ್ತದೆ. ಗೂಡಿಗೆ ಕಲ್ಲಿದ್ದಲನ್ನೇ ಹಾಕಿ, ಭತ್ತದ ಹೊಟ್ಟನ್ನೇ ಹಾಕಿ, ಆ 44 ಕಿಲೊ ತಪ್ಪದು. ಸಿಮೆಂಟ್ ತಯಾರಿಕೆ ಉಗುಳುವ ಇಂಗಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಬರುವುದು ಕಲ್ಲಿನ ಒಡಲಿನಿಂದಲೇ. ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡಿನಲ್ಲಿ ಸಿಮೆಂಟಿನ ಪಾಲು ಶೇ 7ರಿಂದ 8. ಉತ್ಪಾದನೆಯಲ್ಲಿ ಚೀನಾ ಬಿಟ್ಟರೆ ಭಾರತವೇ ಮುಂದು.

ಹಾಗಿರುವಾಗ ಸಸಿ ಎಷ್ಟು ನೆಟ್ಟಿರಿ ಎಂದು ಕೇಳುವುದೇ ತಪ್ಪು. ಸುಣ್ಣಕಲ್ಲನ್ನು ಸುಟ್ಟು ತಯಾರಿಸುವ, ಸಿಮೆಂಟಿನ ಮೂಲ ಘಟಕವಾದ ಕ್ಲಿಂಕರ್ ಎಷ್ಟು ಕಡಿಮೆ ಮಾಡಿದಿರಿ ಎಂದು ಕೇಳಬೇಕು.

ಬೆಂಗಳೂರಿನ ಸಮ್ಮೇಳನಗಳಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಅದರ ಬಿಸಿ ತಟ್ಟುವುದು ಕಲಬುರಗಿ ಜಿಲ್ಲೆಯ ವಾಡಿ, ಸೇಡಂ, ಮಳಖೇಡದ ಜನರಿಗೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಿದ್ದ ಕಾಗಿಣಾ ನದಿಯ ದಂಡೆಯಲ್ಲಿ ಈಗ ಕಣ್ಣಿಗೆ ಬೀಳುವುದು ಸಿಮೆಂಟ್ ಕಾರ್ಖಾನೆಯ ಚಿಮಣಿ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು, ಭಾಷಣಗಳಾದವು. ಆದರೆ ತೊಗರಿ ಬೆಳೆಯುವ ಎರೆಭೂಮಿಯ ಕೆಳಗೇ ಸುಣ್ಣಕಲ್ಲಿದೆ. ಕಲ್ಲು ಬೇಕೆಂದರೆ ಎರೆಯನ್ನು ಕಿತ್ತೆಸೆಯಲೇಬೇಕು. ಕಲ್ಲು ತೆಗೆದ ಮೇಲೆ ಉಳಿಯುವ ನೀರು ನಿಂತ ಗುಂಡಿಯಲ್ಲಿ ಯಾರೂ ತೊಗರಿ ಬಿತ್ತಲಾರರು. ಹೈದರಾಬಾದ್ ಕರ್ನಾಟಕಕ್ಕೆ ಅದೇ ವರ್ಷ ‘ಕಲ್ಯಾಣ’ ಎಂದು ಹೆಸರಿಟ್ಟರು. ಕಲ್ಲು ಕೊಟ್ಟ ನೆಲಕ್ಕೆ ದೂಳು, ಕಟ್ಟಡ ಕಟ್ಟಿದ ಊರಿಗೆ ಹೊಳಪು ಎಂಬ ಹಳೆಯ ಹಂಚಿಕೆ ಮಾತ್ರ ಬದಲಾಗಲಿಲ್ಲ.

ಬೇರೆ ದಾರಿಯಿಲ್ಲ ಎನ್ನುವವರು ಸುಳ್ಳು ಹೇಳುತ್ತಿದ್ದಾರೆ. ಕ್ಲಿಂಕರಿಗೆ ಸುಮಾರು 1450 ಡಿಗ್ರಿ ಶಾಖ ಬೇಕು. ಜೇಡಿಮಣ್ಣನ್ನು ಹದವಾಗಿ ಸುಡಲು 800 ಡಿಗ್ರಿ ಸಾಕು. ಆ ಮಣ್ಣಿಗೆ ಸುಡದ ಸುಣ್ಣಕಲ್ಲಿನ ಪುಡಿ ಬೆರೆಸಿ, ಕ್ಲಿಂಕರನ್ನು ಅರ್ಧಕ್ಕೆ ಇಳಿಸುವ ಸಿಮೆಂಟಿನ ಹೆಸರು ಎಲ್‌ಸಿ3. ಸ್ವಿಟ್ಜರ್‌ಲೆಂಡಿನ ಸಂಶೋಧಕರ ಜೊತೆ ನಮ್ಮ ಐಐಟಿಗಳೂ ಇದಕ್ಕೆ ದುಡಿದಿವೆ. ಇಂಗಾಲ ಶೇ 40ರವರೆಗೆ ತಗ್ಗುತ್ತದೆ. ಭಾರತೀಯ ಮಾನಕ ಬ್ಯೂರೊ 2023ರಲ್ಲೇ ಇದಕ್ಕೆ ಮಾನದಂಡ ಪ್ರಕಟಿಸಿದೆ.

ವಿದ್ಯೆಯೂ ಇದೆ, ಮಾನದಂಡವೂ ಇದೆ. ಇಲ್ಲದಿರುವುದು ಖರೀದಿದಾರರ ಹಟ. ರಸ್ತೆ, ಸೇತುವೆ, ಮೆಟ್ರೊ ಕಂಬಗಳಿಗೆಲ್ಲ ಸಿಮೆಂಟ್ ಕೊಳ್ಳುವ ದೊಡ್ಡ ಗಿರಾಕಿ ಸರ್ಕಾರವೇ. ಕ್ಲಿಂಕರಿಗೆ ಮಿತಿ ಹಾಕುವ ಒಂದು ಷರತ್ತನ್ನು ರಾಜ್ಯದ ಲೋಕೋಪಯೋಗಿ ಇಲಾಖೆ ತನ್ನ ಮುಂದಿನ ಟೆಂಡರಿನಲ್ಲೇ ಸೇರಿಸಲಿ. ಗಣಿ ಮುಗಿದ ಗುಂಡಿಗಳ ಲೆಕ್ಕವನ್ನು ಸರ್ಕಾರ ಸೇಡಂ, ಚಿತ್ತಾಪುರದ ಗ್ರಾಮಸಭೆಗಳ ಮುಂದಿಡಲಿ.