ಮಗಳು ಸುಮ್ಮನೆ ಮನೆಯಲ್ಲಿಲ್ಲ, ಉಣ್ಣೆಯ ಕೆಲಸ ಮಾಡುತ್ತಿದ್ದಾಳೆ

ಕಳೆದ ಡಿಸೆಂಬರಿನಲ್ಲಿ ಮಾಟುಂಗದಲ್ಲಿ ನಮ್ಮ ಸಂಘದ ವಾರ್ಷಿಕೋತ್ಸವ. ಊಟದ ಸಾಲಿನಲ್ಲಿ ನಿಂತಿದ್ದಾಗ ಹಳೆಯ ಪರಿಚಿತರೊಬ್ಬರು ಕೇಳಿದರು: "ನಿಮ್ಮ ಸಣ್ಣ ಮಗಳು ಈಗ ಏನು ಮಾಡ್ತಿದ್ದಾಳೆ?" ನಾನು "ಸದ್ಯಕ್ಕೆ ಮನೆಯಲ್ಲೇ ಇದ್ದಾಳೆ" ಎಂದೆ. "ಹಾಗಾದ್ರೆ ಹುಡುಗನ್ನ ನೋಡ್ತಿದ್ದೀರಾ?" ಎಂದು ಅವರು ಮುಂದುವರಿಸಿದರು. ನಾನು ಸಾರು ಬಡಿಸಿಕೊಂಡು ಮುಂದೆ ಸರಿದೆ.

ದಾದರಿನಲ್ಲಿ ಲೋಕಲ್ ಹಿಡಿದು ಡೊಂಬಿವಲಿಯ ಮನೆ ಸೇರುವಾಗ ರಾತ್ರಿ ಹನ್ನೊಂದೂವರೆ. ಮಗಳು ದೀಪದ ಕೆಳಗೆ ಸ್ಪಂಜಿನ ಮೇಲೆ ಉಣ್ಣೆಯ ಉಂಡೆ ಇಟ್ಟುಕೊಂಡು ಸೂಜಿ ಚುಚ್ಚುತ್ತ ಕೂತಿದ್ದಳು. ಬೆಳಗ್ಗೆ ನಾನು ಮನೆ ಬಿಡುವಾಗಲೂ ಅಲ್ಲೇ ಕೂತಿದ್ದಳು. "ಮನೆಯಲ್ಲೇ ಇದ್ದಾಳೆ" ಎಂದು ನಾನು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೂ ಅಷ್ಟು ದೊಡ್ಡ ಸುಳ್ಳನ್ನು ನಾನು ಇತ್ತೀಚೆಗೆ ಬೇರೆ ಹೇಳಿದ್ದಿಲ್ಲ. ಆ ತಪ್ಪನ್ನು ಒಪ್ಪಿಕೊಳ್ಳುವುದಕ್ಕೂ, ನಮ್ಮ ಸಂಘ-ಸಂಸ್ಥೆಗಳ ಮುಂದೆ ಒಂದು ಮಾತು ಇಡುವುದಕ್ಕೂ ಈ ಬರಹ.

ಮಗಳ ಕೆಲಸಕ್ಕೆ ಇಂಗ್ಲಿಷಿನವರು ಫೆಲ್ಟಿಂಗ್ ಎನ್ನುತ್ತಾರೆ. ಇದರಲ್ಲಿ ನೂಲು ಇಲ್ಲ, ಮಗ್ಗ ಇಲ್ಲ, ಹೆಣಿಗೆಯೂ ಇಲ್ಲ. ಕುರಿಯ ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ. ಬಿಸಿನೀರು, ಸಾಬೂನು, ಒತ್ತಡ ಮೂರೂ ಸೇರಿದರೆ ಆ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಂಡು, ಬಿಡಿ ಉಣ್ಣೆ ಗಟ್ಟಿ ಬಟ್ಟೆಯಾಗುತ್ತದೆ. ಉಣ್ಣೆಯ ಸ್ವೆಟರನ್ನು ಬಿಸಿನೀರಿನಲ್ಲಿ ಒಗೆದು ಮಗುವಿನ ಅಳತೆಗೆ ತಂದವರಿಗೆ ಇದರ ಗುಟ್ಟು ಗೊತ್ತು. ಅವರ ಮನೆಯಲ್ಲಿ ಆಕಸ್ಮಿಕವಾಗಿ ಆದದ್ದನ್ನು ಇವಳು ಬೇಕೆಂದೇ ಮಾಡುತ್ತಾಳೆ. ಗೊಂಬೆ, ಮುಖವಾಡ, ಹಕ್ಕಿಗಳಂಥ ಆಕಾರ ಬೇಕಾದರೆ ನೀರು ಬೇಡ. ಮೈಮೇಲೆ ಸಣ್ಣ ಕಚ್ಚುಗಳಿರುವ ಉದ್ದನೆಯ ಸೂಜಿಯಿಂದ ಸಾವಿರಾರು ಸಲ ಚುಚ್ಚಬೇಕು. ಚುಚ್ಚಿದಷ್ಟೂ ಎಳೆಗಳು ಒಳಕ್ಕಿಳಿದು ಗಟ್ಟಿಯಾಗುತ್ತವೆ. ಸ್ವಲ್ಪ ಓರೆಯಾಗಿ ಚುಚ್ಚಿದರೆ ಸೂಜಿ ಮುರಿಯುತ್ತದೆ, ಗಮನ ತಪ್ಪಿದರೆ ಬೆರಳಿಗೆ ಇಳಿಯುತ್ತದೆ. ಅವಳ ಎಡಗೈಯ ತೋರುಬೆರಳಿಗೆ ಯಾವಾಗಲೂ ಪಟ್ಟಿ ಇರುತ್ತದೆ.

ಮುಂಬಯಿಯ ಹವೆ ಈ ಕೆಲಸಕ್ಕೆ ಮಿತ್ರನಲ್ಲ. ಜುಲೈ ತಿಂಗಳಲ್ಲಿ ಒಂದು ಒದ್ದೆ ತುಂಡು ಒಣಗಲು ಮೂರು ದಿನ ಬೇಕು. ಒಂದೇ ಮಲಗುವ ಕೋಣೆಯ ಮನೆಯಲ್ಲಿ ಕಿಟಕಿಯ ಗ್ರಿಲ್ಲಿಗೆ ಅವಳ ಉಣ್ಣೆ ನೇತುಬಿದ್ದರೆ ನನ್ನ ಬನಿಯನ್ನಿಗೆ ಜಾಗವಿಲ್ಲ. ಹುಳ ಹಿಡಿಯದಂತೆ ಡಬ್ಬಿಗಳಿಗೆ ಬೇವಿನೆಲೆ ಹಾಕುವುದು ನನ್ನ ಹೆಂಡತಿಯ ಪಾಲಿನ ಕೆಲಸ. ಆಡಿಟ್ ಕಚೇರಿಯೊಂದರಲ್ಲಿದ್ದ ನೌಕರಿಯನ್ನು 2021ರಲ್ಲಿ ಬಿಟ್ಟು ಮಗಳು ಇದಕ್ಕೆ ಕೈಹಾಕಿದಾಗ ನಾನು ಮೂರು ತಿಂಗಳು ಸರಿಯಾಗಿ ಮಾತಾಡಿರಲಿಲ್ಲ. ಹಗಲು ಹೋಟೆಲಿನ ಗಲ್ಲಾದಲ್ಲಿ ಕೂತು, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದವನು ನಾನು. ತಿಂಗಳ ಕೊನೆಗೆ ಸಂಬಳ ಬಾರದ ಕೆಲಸವನ್ನು ಕೆಲಸವೆಂದು ಒಪ್ಪಲು ನನಗೆ ಕಷ್ಟವಾಯಿತು. ಅವಳ ಖಾತೆಯ ಕೆ.ವೈ.ಸಿ. ನಮೂನೆಯಲ್ಲಿ ‘ಉದ್ಯೋಗ’ ಎಂಬಲ್ಲಿ ‘ಇತರೆ’ ಎಂದು ಗುರುತು ಹಾಕಿದ್ದು ನನ್ನದೇ ಕೈ.

ಈಗ ಸಂಘದ ವಿಷಯಕ್ಕೆ ಬರುತ್ತೇನೆ. ಅದೇ ವಾರ್ಷಿಕೋತ್ಸವಕ್ಕೆ ಎರಡು ತಿಂಗಳ ಮೊದಲು ಕಾರ್ಯಕಾರಿ ಸಮಿತಿಯ ಒಬ್ಬರು ಮನೆಗೆ ಬಂದಿದ್ದರು. ಮಗಳು ಮಾಡಿದ ಯಕ್ಷಗಾನದ ಸಣ್ಣ ಮುಖವನ್ನು ಗೋಡೆಯ ಮೇಲೆ ಕಂಡು ಖುಷಿಪಟ್ಟರು. ಕೇದಗೆ ಮುಂದಲೆ, ಹಣೆಯ ನಾಮ, ಮೀಸೆ ಎಲ್ಲವೂ ಉಣ್ಣೆಯದೇ. "ಇಂಥ 25 ಮಾಡಿಸಿ ಅತಿಥಿಗಳಿಗೆ ಸ್ಮರಣಿಕೆ ಕೊಡುವ. ನಮ್ಮ ಹುಡುಗಿಯೇ ಅಲ್ವಾ ಮಾರಾಯ್ರೆ, ಒಂದಕ್ಕೆ 400 ರೂಪಾಯಿ ಹಾಕಿಕೊಡುವ" ಎಂದರು. ನಾನು ತಲೆಯಾಡಿಸಿದೆ. ಮಗಳು ಒಳಗಿನಿಂದ ಬಂದು, ಸಮಾಧಾನದಲ್ಲೇ, "ಆಗುವುದಿಲ್ಲ ಮಾವ" ಎಂದಳು. ಅವರು ಹೋದ ಮೇಲೆ ನಾನು ಅವಳನ್ನೇ ಗದರಿಸಿದೆ. ಅವಳು ಒಂದು ಹಾಳೆ, ಪೆನ್ನು ನನ್ನ ಮುಂದೆ ಇಟ್ಟಳು. "ಅಪ್ಪಯ್ಯ, ನೀವು ಬ್ಯಾಂಕಿನವರು. ನೀವೇ ಲೆಕ್ಕ ಹಾಕಿ."

ಹಾಕಿದೆ. ಒಂದು ಮುಖಕ್ಕೆ ಬಣ್ಣದ ಮೆರಿನೊ ಉಣ್ಣೆ, ಒಳಗಿನ ತಿರುಳಿಗೆ ನಾಡ ಉಣ್ಣೆ, ಚೌಕಟ್ಟು, ಮುರಿಯುವ ಸೂಜಿ ಎಲ್ಲ ಸೇರಿ 350 ರೂಪಾಯಿ ಖರ್ಚು. ಮಾಡಲು 14 ಗಂಟೆ. ಅವಳು ಮಾರುವ ಬೆಲೆ 1,800 ರೂಪಾಯಿ. ಖರ್ಚು ಕಳೆದರೆ ಗಂಟೆಗೆ ಸುಮಾರು 104 ರೂಪಾಯಿ ಕೂಲಿ ಬಿದ್ದಂತಾಯಿತು. ಸಂಘದ 400 ರೂಪಾಯಿಯಲ್ಲಿ ಖರ್ಚು ಕಳೆದರೆ ಉಳಿಯುವುದು 50. ಎಂದರೆ ಗಂಟೆಗೆ ನಾಲ್ಕು ರೂಪಾಯಿಯೂ ಇಲ್ಲ. 25 ಮುಖಗಳಿಗೆ 350 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ 44 ದಿನದ ದುಡಿಮೆಗೆ ಕೈಗೆ ಬರುವುದು 1,250 ರೂಪಾಯಿ. ಮೂವತ್ತು ವರ್ಷ ಬೇರೆಯವರ ಲೆಕ್ಕದಲ್ಲಿ ಒಂದು ಪೈಸೆ ತಪ್ಪದಂತೆ ನೋಡಿದ ನಾನು ನನ್ನ ಮಗಳ 44 ದಿನವನ್ನು ತಲೆಯಾಡಿಸಿ ಬಿಟ್ಟುಕೊಟ್ಟಿದ್ದೆ.

ಕೊನೆಗೆ ಸ್ಮರಣಿಕೆಗೆ ಹಿತ್ತಾಳೆ ಬಣ್ಣದ ಪ್ಲಾಸ್ಟಿಕ್ ದೀಪ ಬಂತು. ಅದರ ಜೊತೆಗೆ ಶಾಲು. ನಮ್ಮ ಸಂಘಗಳ ಯಾವ ಕಾರ್ಯಕ್ರಮದ ವರದಿ ನೋಡಿದರೂ ‘ಶಾಲು, ಸ್ಮರಣಿಕೆ, ಫಲಪುಷ್ಪ ನೀಡಿ ಗೌರವಿಸಲಾಯಿತು’ ಎಂಬ ಸಾಲು ಇದ್ದೇ ಇರುತ್ತದೆ. ನನಗೇ ಇದುವರೆಗೆ ಏಳು ಶಾಲು ಬಂದಿವೆ. ಒಂದನ್ನೂ ಹೊದ್ದಿಲ್ಲ. ಮುಂಬಯಿಯ ಸೆಕೆಯಲ್ಲಿ ಪಾಲಿಯೆಸ್ಟರ್ ಶಾಲು ಹೊದೆಯುವವರು ಯಾರು? ಒಂದೆರಡು ಇಸ್ತ್ರಿ ಮೇಜಿಗೆ ಹೋದವು, ಉಳಿದವು ಬೇರೆಯವರ ಸನ್ಮಾನಕ್ಕೆ ಸಾಗಿದವು. ನನ್ನ ಕಪಾಟಿನಿಂದ ಹೋದ ಶಾಲು ತಿರುಗಿ ನನ್ನ ಹೆಗಲಿಗೇ ಬಂದಿದ್ದರೂ ನನಗೆ ಗುರುತು ಸಿಕ್ಕುತ್ತಿರಲಿಲ್ಲ.

ಈ ಉಣ್ಣೆಯ ಕೆಲಸ ಹೊರದೇಶದವರ ಹವ್ಯಾಸವೆಂದು ನಾನೂ ತಿಳಿದಿದ್ದೆ. ಮಗಳೇ ತಿದ್ದಿದಳು. ಸೈಬೀರಿಯಾದ ಆಲ್ತಾಯ್ ಬೆಟ್ಟಗಳ ಪಝಿರಿಕ್ ಎಂಬಲ್ಲಿ ಮಂಜಿನಡಿಯ ಗೋರಿಗಳಲ್ಲಿ ಸಿಕ್ಕ ಫೆಲ್ಟಿನ ಗೋಡೆಪರದೆ, ಉಣ್ಣೆಯ ಹಂಸಗಳಿಗೆ ಎರಡು ಸಾವಿರ ವರ್ಷಕ್ಕೂ ಮೀರಿದ ವಯಸ್ಸು. ಕಿರ್ಗಿಸ್ತಾನದ ಫೆಲ್ಟ್ ಜಮಖಾನೆಗಳ ಕಲೆಯನ್ನು ಯುನೆಸ್ಕೊ 2012ರಲ್ಲಿ ತುರ್ತಾಗಿ ಉಳಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ನಮ್ಮ ದೇಶದಲ್ಲೇ ಕಾಶ್ಮೀರ, ರಾಜಸ್ಥಾನ, ಕಛ್‌ಗಳಲ್ಲಿ ‘ನಮ್ದಾ’ ಎಂಬ ಹೆಸರಿನಲ್ಲಿ ಇದೇ ಕಸುಬಿದೆ. ಕಾಶ್ಮೀರದ ನಮ್ದಾ ಅಳಿಯುತ್ತಿದೆ ಎಂದು ಕೇಂದ್ರ ಸರಕಾರ 2021ರಲ್ಲಿ ಅಲ್ಲಿಯ ಯುವಜನರಿಗೆ ತರಬೇತಿ ಶುರುಮಾಡಿತು. 2023ರಲ್ಲಿ ಅವರ ಕೈಯ ಸರಕು ಬ್ರಿಟನ್ನಿಗೆ ರಫ್ತಾಯಿತು.

ನಮ್ಮ ಕನ್ನಡ ನಾಡಿನ ಕಂಬಳಿ ಇದರ ಹತ್ತಿರದ ನಂಟ. ಕಂಬಳಿಯನ್ನು ಮಗ್ಗದಲ್ಲಿ ನೇಯುತ್ತಾರೆ ನಿಜ. ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಕುಡಿಸಿ ಗಟ್ಟಿ ಮಾಡುತ್ತಾರೆ. ಆದರೆ ಎಳೆಗಳು ಒಂದನ್ನೊಂದು ಹಿಡಿದುಕೊಂಡು ಮಳೆಯನ್ನು ತಡೆಯುವುದು ಉಣ್ಣೆಯ ಅದೇ ಗುಣದಿಂದ. ನನ್ನ ಅಜ್ಜ ಕುಂದಾಪುರದ ಕಡೆಯ ಗದ್ದೆಯಲ್ಲಿ ಕಂಬಳಿ ಕೊಪ್ಪೆ ಹಾಕಿ ನಿಂತರೆ ಆಷಾಢದ ಮಳೆಗೂ ಬೆನ್ನು ಒದ್ದೆಯಾಗುತ್ತಿರಲಿಲ್ಲ. ಘಟ್ಟದ ಮೇಲಿನಿಂದ ಕಂಬಳಿ ಹೊತ್ತು ಮಾರಲು ಬರುತ್ತಿದ್ದವರಿಗೆ ಅಜ್ಜಿ ಊಟ ಹಾಕದೆ ಕಳಿಸುತ್ತಿರಲಿಲ್ಲ. ಚಳ್ಳಕೆರೆಯ ಕಂಬಳಿಯ ಹೆಸರು ಕೇಳದವರು ಯಾರು? ಮೈಲಾರಲಿಂಗನ ಗೊರವರಿಗೆ ಕಂಬಳಿಯೇ ಉಡುಗೆ. ಚುನಾವಣೆ ಬಂದರೆ ನಾಯಕರ ಹೆಗಲಿಗೂ ಕಂಬಳಿ ಏರುತ್ತದೆ. ಫೋಟೊ ಮುಗಿದ ಮೇಲೆ ನೇಯ್ದವನ ಪಾಡು ಕೇಳುವವರಿಲ್ಲ.

ಹೋದ ವರ್ಷ ಮಗಳು ಪುಣೆ ಜಿಲ್ಲೆಯಲ್ಲಿ ಬೀಡುಬಿಟ್ಟಿದ್ದ ಕುರಿಗಾಹಿಗಳಿಂದ ಒಂದು ಗೋಣಿ ಕರಿಯ ಉಣ್ಣೆ ತಂದಳು. ಜೊತೆಗೆ ನಾನೂ ಹೋಗಿದ್ದೆ. ದಖ್ಖನಿ ತಳಿಯ ಕುರಿಗೆ ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತಾರೆ. "ಉಣ್ಣೆ ಮಾರಿದರೆ ಕತ್ತರಿಸಿದವನ ಕೂಲಿಯೂ ಹುಟ್ಟುವುದಿಲ್ಲ ಸಾಹೇಬ್ರೆ, ಅಲ್ಲೇ ಬಿಸಾಡುತ್ತೇವೆ" ಎಂದರು ಆ ಮುದುಕರು. ಮಗಳು ಕಿಲೋಗೆ ಇಷ್ಟು ಎಂದು ಹಣ ಕೊಟ್ಟಾಗ ಅವರು ಎರಡು ಸಲ ಎಣಿಸಿದರು. ಹೊಲದಲ್ಲಿ ಬೀಳುವ ಆ ಉಣ್ಣೆಗೂ ಮಾಟುಂಗದ ವೇದಿಕೆಯಲ್ಲಿ ನಾವು ಹೊದಿಸುವ ಪಾಲಿಯೆಸ್ಟರ್ ಶಾಲಿಗೂ ಸಂಬಂಧವಿದೆ ಎಂದು ನನಗೆ ಅಂದು ಹೊಳೆಯಿತು.

ಸರಕಾರದ ಯೋಜನೆಗಳಿಲ್ಲವೇ ಎಂದು ಕೇಳಬಹುದು. ಇವೆ. ಆದರೆ 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಉಣ್ಣೆಯ ಕೆಲಸದ ಹೆಸರಿಲ್ಲ. ಗೊಂಬೆ ಮಾಡುವವರು ಇದ್ದಾರೆ, ಬಲೆ ಹೆಣೆಯುವವರು ಇದ್ದಾರೆ, ಕಂಬಳಿಯವರಿಲ್ಲ. ಅದು ಬೇಡವೆಂದರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50 ಸಾವಿರದವರೆಗೆ ಅಡಮಾನವಿಲ್ಲದೆ ಸಾಲ ಕೇಳಬಹುದು. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಕರಕುಶಲಕರ್ಮಿಗಳಿಗೆ ಕೇಂದ್ರದ ‘ಪೆಹಚಾನ್’ ಗುರುತುಚೀಟಿ ಇದೆ. ಮನೆಯಲ್ಲಿ ಕೂತು ದುಡಿಯುವ ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿಗೆ ಇದು ಗೊತ್ತಿದೆ? ಉಡುಪು ಹೊಲಿಯುವವರು, ಹಪ್ಪಳ-ಸಂಡಿಗೆ ಮಾಡುವವರು, ಕಸೂತಿ ಹಾಕುವವರು ಪ್ರತಿ ಸಂಘದಲ್ಲೂ ಇದ್ದಾರೆ. ಅವರೆಲ್ಲರ ತಂದೆ-ಗಂಡಂದಿರೂ ನನ್ನ ಹಾಗೆಯೇ "ಮನೆಯಲ್ಲೇ ಇದ್ದಾಳೆ" ಎನ್ನುತ್ತಿರಬಹುದು.

ಸಂಘಗಳ ಕಷ್ಟವೂ ನನಗೆ ತಿಳಿದದ್ದೇ. ದಾನಿಗಳ ಹಣ, ಸಭಾಗೃಹದ ಬಾಡಿಗೆ, ಊಟದ ಖರ್ಚು, ಕೊನೆಗಳಿಗೆಯಲ್ಲಿ ಸನ್ಮಾನದ ಪಟ್ಟಿಗೆ ಸೇರುವ ಹತ್ತು ಹೆಸರು. ನಲವತ್ತು ಮಂದಿಗೆ ಕೈಮಗ್ಗದ ಶಾಲು ಕೊಡಲು ಯಾವ ಕೋಶಾಧಿಕಾರಿಗೂ ಆಗದು. ಹಾಗಾದರೆ ನಲವತ್ತು ಸನ್ಮಾನ ಏಕೆ? ಎಂಟು ಮಂದಿಯನ್ನು ಗೌರವಿಸೋಣ, ಅವರಿಗೆ ಜೀವಮಾನ ಉಳಿಯುವಂಥದ್ದು ಕೊಡೋಣ. ಚಳ್ಳಕೆರೆಯ ಒಂದು ಕಂಬಳಿ, ನಮ್ಮವರೇ ಮಾಡಿದ ಒಂದು ಕುಸುರಿಯ ಸ್ಮರಣಿಕೆ ಸಾಕು. ಬೆಲೆಯನ್ನು ಮಾಡಿದವರು ಹೇಳಲಿ. ಅದು ಸಂಘಕ್ಕೆ ಎಟುಕದಿದ್ದರೆ ಬೇಡ ಎನ್ನೋಣ. ‘ನಮ್ಮವರೇ’ ಎಂದು ಅರ್ಧ ಬೆಲೆಗೆ ಕೇಳುವುದು ಬೇಡ. ನಮ್ಮವರಿಗೆ ಪೂರ್ತಿ ಬೆಲೆ ಕೊಡದವರು ಪರರಿಗೆ ಕೊಟ್ಟೇವೆಯೇ?

ಎರಡನೆಯದಾಗಿ, ಪ್ರತಿ ಕಾರ್ಯಕ್ರಮದ ದಿನ ಸಭಾಗೃಹದ ಹೊರಗೆ ನಾಲ್ಕು ಮೇಜುಗಳನ್ನು ಕೈಕೆಲಸದವರಿಗೆ ಬಾಡಿಗೆಯಿಲ್ಲದೆ ಕೊಡಬಹುದು. ಮೂರನೆಯದಾಗಿ, ಎಲ್ಲ ಸಂಘಗಳಲ್ಲೂ ಬ್ಯಾಂಕಿನಲ್ಲಿ ದುಡಿಯುವವರು, ನಿವೃತ್ತರು ಇದ್ದೇವೆ. ತಿಂಗಳಿಗೊಂದು ಭಾನುವಾರ ಎರಡು ಗಂಟೆ ಕೂತು ಇವರ ಅರ್ಜಿ ತುಂಬಿಕೊಟ್ಟರೆ ನಮ್ಮ ಗಂಟೇನೂ ಹೋಗುವುದಿಲ್ಲ. ಈ ಕೆಲಸಕ್ಕೆ ನಾನು ಮೊದಲಿಗನಾಗಿ ಹೆಸರು ಕೊಡುತ್ತೇನೆ.

ಈ ಲೇಖನ ಬರೆಯುತ್ತೇನೆ ಎಂದಾಗ ಮಗಳು ಒಂದು ಷರತ್ತು ಹಾಕಿದಳು. "ಪಾಪ ಎಂದು ಕೊಳ್ಳಿ ಅಂತ ಬರೀಬೇಡಿ ಅಪ್ಪಯ್ಯ. ಪಾಪ ಎಂದು ಕೊಂಡವರು ಒಂದೇ ಸಲ ಕೊಳ್ಳುತ್ತಾರೆ. ಚೆನ್ನಾಗಿದೆ ಎಂದು ಕೊಂಡವರು ಮತ್ತೆ ಬರುತ್ತಾರೆ." ವರ್ಷದ ಸರಾಸರಿ ತೆಗೆದರೆ ಅವಳ ಕೈಗೆ ತಿಂಗಳಿಗೆ ಸುಮಾರು 14 ಸಾವಿರ ಬರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಚಳಿಗಾಲದ ಪ್ರದರ್ಶನಗಳದ್ದು. ಮಳೆಗಾಲದಲ್ಲಿ ಏನೂ ಇಲ್ಲದ ತಿಂಗಳೂ ಇದೆ. ಮುಂದೇನು ಎಂಬ ಚಿಂತೆ ತಂದೆಯಾದ ನನಗೆ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಚಿಂತೆ ಬೇರೆ, ನಾಚಿಕೆ ಬೇರೆ. ನಾಚಿಕೆಪಡುವಂಥದ್ದು ಅವಳ ಕೆಲಸದಲ್ಲಿ ಏನೂ ಇರಲಿಲ್ಲ, ಇದ್ದದ್ದು ನನ್ನ ಉತ್ತರದಲ್ಲಿ.

ಕಳೆದ ವಾರ ಅವಳ ಕೆ.ವೈ.ಸಿ. ನಮೂನೆ ಮತ್ತೆ ತುಂಬುವ ಸಂದರ್ಭ ಬಂತು. ‘ಉದ್ಯೋಗ’ ಎಂಬಲ್ಲಿ ಈ ಸಲ ‘ಸ್ವಂತ ಉದ್ಯೋಗ, ಉಣ್ಣೆಯ ಕರಕುಶಲ ವಸ್ತು ತಯಾರಿಕೆ’ ಎಂದು ಬರೆದೆ. ಜಾಗ ಸಾಲಲಿಲ್ಲ, ಕೊನೆಯ ಎರಡು ಪದ ಗೆರೆಯ ಹೊರಗೆ ಹೋದವು. ಇರಲಿ. ಊಟದ ಸಾಲಿನಲ್ಲಿ ಕೇಳಿದ ಆ ಹಿರಿಯರೂ ಈ ಪತ್ರಿಕೆಯ ಓದುಗರು. ಅವರ ಪ್ರಶ್ನೆಗೆ ಅಂದು ಕೊಡಬೇಕಿದ್ದ ಉತ್ತರ ಇದೇ.