ಕಾನೂನು ಒಂದೇ, ದಾರಿ ಬೇರೆ ಬೇರೆ



ಈ ಸಲದ ಅಂಚೆಯಲ್ಲಿ ಬಂದ ಒಂದು ಕಾಗದ ನನ್ನ ನಿದ್ದೆ ಕೆಡಿಸಿತು. ಹೆಸರಿಲ್ಲ, ವಿಳಾಸವಿಲ್ಲ, ಮಲೆನಾಡಿನ ಹಳ್ಳಿ ಎಂದಷ್ಟೇ ಇದೆ.

"ಅಕ್ಕಾ, ಮೂರನೇ ಮಗುವಿಗೆ ಇನ್ನೂ ವರ್ಷ ತುಂಬಿಲ್ಲ. ಕಾಪರ್ ಟಿ ಹಾಕಿಸಿದ್ರೂ ಮತ್ತೆ ಮುಟ್ಟು ನಿಂತಿದೆ. ಇಲ್ಲಿನ ಆಸ್ಪತ್ರೇಲಿ ಇದನ್ನೆಲ್ಲ ಮಾಡೋಲ್ಲ, ಪೇಟೆಗೆ ಹೋಗು ಅಂದ್ರು. ಪೇಟೆಗೆ ಬೆಳಗ್ಗೆ ಒಂದೇ ಬಸ್ಸು. ಗಂಡನ ಸಹಿ ಬೇಕಂತೆ. ಅವರು ಕೆಲಸದ ಊರಿಂದ ಬರೋದು ದೀಪಾವಳಿಗೆ. ಅತ್ತೆ, ಎಕ್ಕದ ಕಡ್ಡಿ ಇಡೋ ಮುದುಕಿ ಹತ್ರ ಹೋಗೋಣ ಅಂತಾರೆ."

ಸೋದರಿ, ಆ ಕಡ್ಡಿಯ ಗೊಡವೆ ಖಂಡಿತ ಬೇಡ. ನಂಜೇರಿ ಜೀವವೇ ಹೋದೀತು. ಅಂಗಡಿಯಿಂದ ಮಾತ್ರೆ ತರಿಸಿ ನುಂಗುವುದೂ ಬೇಡ. ಕಾಪರ್ ಟಿ ಇದ್ದೂ ಬಸಿರಾದರೆ ಕೆಲವೊಮ್ಮೆ ಗರ್ಭ ನಾಳದಲ್ಲಿ ನಿಂತಿರುತ್ತದೆ. ಅದಕ್ಕೆ ಈ ಮಾತ್ರೆ ನಾಟುವುದಿಲ್ಲ, ನಾಳ ಒಡೆದರೆ ಪ್ರಾಣಕ್ಕೇ ಅಪಾಯ. ಹೊಟ್ಟೆಯ ಒಂದು ಪಕ್ಕ ವಿಪರೀತ ನೋವು, ತಲೆಸುತ್ತು ಬಂದರೆ ಬಸ್ಸಿಗೆ ಕಾಯದೆ ಸಿಕ್ಕ ಗಾಡಿಯಲ್ಲಿ ಹೊರಡಿ.

ನೀವು ಕೇಳುತ್ತಿರುವುದು ತಪ್ಪೇನಲ್ಲ. 1971ರ ಕಾಯಿದೆ 1972ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. 2021ರಲ್ಲಿ ಅದಕ್ಕೆ ತಿದ್ದುಪಡಿಯೂ ಆಯಿತು. ಗರ್ಭನಿರೋಧಕ ಕೈಕೊಟ್ಟು ನಿಂತ ಬಸಿರನ್ನು 20 ವಾರದೊಳಗೆ ಒಬ್ಬ ಅರ್ಹ ಡಾಕ್ಟರ ಒಪ್ಪಿಗೆಯ ಮೇಲೆ ತೆಗೆಸಬಹುದು. 18 ತುಂಬಿದ ಹೆಂಗಸಿಗೆ ಅವಳದೇ ಸಹಿ ಸಾಕು. ಗಂಡನ ಸಹಿ ಬೇಕೆಂದು ಕಾನೂನು ಹೇಳುವುದಿಲ್ಲ. ನಿಮ್ಮ ಹೆಸರನ್ನು ಡಾಕ್ಟರು ಬಯಲು ಮಾಡುವಂತೆಯೂ ಇಲ್ಲ.

ಕಾನೂನು ಎಲ್ಲರಿಗೂ ಒಂದೇ. ಆದರೆ ಬೆಂಗಳೂರಿನ ಹೆಂಗಸು ಆಟೋ ಹತ್ತಿ ಹೋಗಿ ಸಂಜೆಗೆ ಮನೆ ಸೇರುತ್ತಾಳೆ. ಹಳ್ಳಿಯವಳಿಗೆ ತಪಾಸಣೆಗೆ ಒಂದು ದಿನ, ಸ್ಕ್ಯಾನಿಂಗಿಗೆ ಒಂದು ದಿನ, 'ಡಾಕ್ಟರು ರಜೆ' ಎಂದರೆ ಮತ್ತೊಂದು ದಿನ. ಪ್ರತಿ ಸಲವೂ ಬಸ್ ಚಾರ್ಜು, ಕೂಲಿ ನಷ್ಟ, ಮನೆಯಲ್ಲಿ ಅಳುವ ಮಕ್ಕಳು. ಹೀಗೇ ವಾರಗಳು ಸರಿಯುತ್ತವೆ. ಮಾತ್ರೆಯಿಂದ ಆಗುವುದು 9 ವಾರದವರೆಗೆ, ಅದೂ ಡಾಕ್ಟರ ಮುಖಾಂತರ. ತಡವಾದಷ್ಟೂ ಚಿಕಿತ್ಸೆ ಕಷ್ಟ, ಖರ್ಚೂ ಹೆಚ್ಚು. ಇದರಲ್ಲಿ ಅವಳ ತಪ್ಪೇನು ಬಂತು?

ಅದಕ್ಕೇ ಎಲ್ಲರಿಗೂ ಹೇಳುವೆ: ಮುಟ್ಟು ತಪ್ಪಿದ ವಾರವೇ ಆಶಾ ಕಾರ್ಯಕರ್ತೆಯನ್ನು ಕೇಳಿ ಪರೀಕ್ಷೆ ಮಾಡಿಕೊಳ್ಳಿ. ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ತಾಲೂಕು ಇಲ್ಲವೇ ಜಿಲ್ಲಾ ಸರ್ಕಾರಿ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರು ಯಾವ ದಿನ ಇರುತ್ತಾರೆಂದು ಫೋನಿನಲ್ಲಿ ವಿಚಾರಿಸಿಯೇ ಹೊರಡಿ. ನಂಬಿಕೆಯ ಒಬ್ಬರು ಜೊತೆಗಿರಲಿ. ಖಾಸಗಿ ನರ್ಸಿಂಗ್ ಹೋಮ್ ಆದರೆ ಸರ್ಕಾರದ ಅನುಮತಿ ಪತ್ರ ಗೋಡೆಯ ಮೇಲಿದೆಯೇ ನೋಡಿ.

ಇನ್ನೊಂದು ಕೆಲಸವಿದೆ. 'ನಮ್ಮ ತಾಲೂಕಿನಲ್ಲೇ ಈ ಸೌಕರ್ಯ ಏಕಿಲ್ಲ?' ಎಂದು ನಿಮ್ಮ ಮಹಿಳಾ ಸಂಘದಿಂದ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದು ಅರ್ಜಿ ಹೋಗಲಿ. ಒಬ್ಬಳೇ ಕೇಳಲು ನಾಚಿಕೆಯಾದರೆ ಹತ್ತು ಜನ ಸೇರಿ ಕೇಳಿ.

ಕಾಗದ ಬರೆದ ಸೋದರಿ, ವಿಳಾಸವಿದ್ದಿದ್ದರೆ ಅಂದೇ ಉತ್ತರ ಬರೆಯುತ್ತಿದ್ದೆ. ಈ ಸಂಚಿಕೆ ನಿಮ್ಮ ಕೈ ಸೇರುವಷ್ಟರಲ್ಲಿ ಆಗಲೇ ದಿನಗಳು ಕಳೆದಿರುತ್ತವೆ. ದೀಪಾವಳಿಗೆ ಕಾಯಬೇಡಿ. ನಾಳೆಯ ಬಸ್ಸಿಗೇ ಹೊರಡಿ.

ನಿಮ್ಮ ಅಕ್ಕ