ಸೋದರಿಯ ಪಾಲು ಮತ್ತು ಅಚೌರ್ಯವ್ರತ

ಕೊಪಣ ಮಹಾತೀರ್ಥವೆಂದು ಶಾಸನಗಳು ಕೊಂಡಾಡಿದ ಕೊಪ್ಪಳದ ಪಾಲ್ಕಿಗುಂಡಿನ ಮೇಲೆ ಜಟಾಸಿಂಹನಂದಿ ಆಚಾರ್ಯರ ಪಾದಗಳಿವೆ. ಸರ್ವಪರಿಗ್ರಹವನ್ನು ತೊರೆದ ಮುನಿಯ ಗುರುತು ಅದು. ಆ ಬೆಟ್ಟದ ನೆರಳಿನಲ್ಲಿಯೇ, ತಂದೆ ತೀರಿಕೊಂಡು ತಿಂಗಳಾಗುವ ಮುನ್ನ ಸೋದರಿಯ ಮುಂದೆ ಹಕ್ಕುಬಿಡುಗಡೆ ಪತ್ರವನ್ನಿಡುವ ಶ್ರಾವಕರೂ ಇದ್ದಾರೆ. ಗಂಗಾವತಿಯ ಅಂಗಡಿಯಾಗಲಿ, ಕುಷ್ಟಗಿ ಯಲಬುರ್ಗಾಗಳ ಹೊಲವಾಗಲಿ, ಈ ರೂಢಿ ಒಂದೇ. ಕೆಲವೆಡೆ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟು ಪೌತಿ ಖಾತೆ ಮಾಡಿಸಲಾಗುತ್ತದೆ.

ಜೈನರಿಗೆ ಹಿಂದೂ ಕಾಯಿದೆ ಏಕೆ ಎಂಬುದು ಕೆಲವರ ವಾದ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 2ನೆಯ ಕಲಮು ಜೈನರನ್ನು ಹೆಸರಿಸಿಯೇ ಒಳಗೊಂಡಿದೆ. 2014ರಲ್ಲಿ ದೊರೆತ ಅಲ್ಪಸಂಖ್ಯಾತ ಮಾನ್ಯತೆಯಿಂದ ಇದು ಬದಲಾಗಿಲ್ಲ. ಮರಣಪತ್ರವಿಲ್ಲದೆ ತೀರಿಕೊಂಡ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಪತ್ನಿ, ತಾಯಿ, ಪುತ್ರ, ಪುತ್ರಿಯರಿಗೆ ಸಮಪಾಲು. ಪತ್ನಿ, ಇಬ್ಬರು ಪುತ್ರರು, ಒಬ್ಬ ಪುತ್ರಿ ಉಳಿದಿದ್ದರೆ ಪ್ರತಿಯೊಬ್ಬರಿಗೂ ನಾಲ್ಕರಲ್ಲೊಂದು ಪಾಲು. ಪಿತ್ರಾರ್ಜಿತದಲ್ಲಿ ಕರ್ನಾಟಕವು 1994ರಲ್ಲಿ ಅಂದಿಗೆ ಅವಿವಾಹಿತರಾಗಿದ್ದ ಪುತ್ರಿಯರಿಗೆ ಜನ್ಮಸಿದ್ಧ ಹಕ್ಕು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ವಿವಾಹಿತೆಯರಿಗೂ ಅದನ್ನು ವಿಸ್ತರಿಸಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ದೃಢಪಡಿಸಿತು. ಪೌತಿ ಖಾತೆ ಕಂದಾಯದ ದಾಖಲೆ ಮಾತ್ರ. ಅದು ಯಾರ ಹಕ್ಕನ್ನೂ ಅಳಿಸಲಾರದು.

ಮದುವೆಗೆ ಬಂಗಾರ ಕೊಟ್ಟಾಯಿತು ಎನ್ನುವವರೂ ಉಂಟು. ಪುತ್ರನ ಓದಿಗೆ, ಅಂಗಡಿಯ ಬಂಡವಾಳಕ್ಕೆ ಕೊಟ್ಟದ್ದನ್ನು ಅವನ ಪಾಲಿನಿಂದ ಕಳೆದವರಾರು?

ಕಾಯಿದೆಗಿಂತ ವ್ರತದ ಪ್ರಶ್ನೆಯೇ ಮುಖ್ಯ. ಕೊಡದುದನ್ನು ಕೊಳ್ಳುವುದೇ ಅದತ್ತಾದಾನ. ತನ್ನ ಪಾಲೆಷ್ಟೆಂಬುದನ್ನು ಅರಿತ ಸೋದರಿ ಮನಸಾರೆ ಬಿಟ್ಟುಕೊಟ್ಟರೆ ಅದು ದಾನ. ಶೋಕದಲ್ಲಿದ್ದವಳಿಗೆ ಲೆಕ್ಕ ತೋರದೆ, ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆ ಹುಟ್ಟಿಸಿ ಪಡೆದ ರುಜು ದಾನವಲ್ಲ. ಕಚೇರಿಯ ಮೊಹರು ಬಿದ್ದ ಮಾತ್ರಕ್ಕೆ ಅಚೌರ್ಯಾಣುವ್ರತದ ಭಂಗ ತಪ್ಪುವುದಿಲ್ಲ. ಇರುವೆಯನ್ನೂ ತುಳಿಯದಂತೆ ನಡೆಯುವವನು ಒಡಹುಟ್ಟಿದವಳ ಪಾಲನ್ನು ತುಳಿದು ನಡೆಯಬಹುದೆ?

ಹಿರಿಯರು ಬದುಕಿರುವಾಗಲೇ ಇಬ್ಬರು ಸಾಕ್ಷಿಗಳ ಸಮಕ್ಷಮ ನ್ಯಾಯವಾದ ಮರಣಪತ್ರ ಬರೆದಿಡಲಿ. ಅದು ಪುತ್ರಿಯನ್ನು ಹೊರಗಿಡುವ ಉಪಾಯವಾಗದಿರಲಿ. ಬಸದಿಗಳ ವಿಶ್ವಸ್ತರೂ ಭಾರೀ ದೇಣಿಗೆಯ ಫಲಕ ಕೆತ್ತಿಸುವ ಮುನ್ನ ಒಂದು ಮಾತು ಕೇಳಲಿ: ಈ ಹಣದಲ್ಲಿ ಸೋದರಿಯ ಪಾಲು ಸಂದಿದೆಯೆ? ಸಲ್ಲದಿದ್ದರೆ ಆ ದೇಣಿಗೆ ಮೊದಲು ಅವಳ ಮನೆಗೆ ಹೋಗಲಿ, ಆಮೇಲೆ ಬಸದಿಗೆ ಬರಲಿ.